ಅಂದದ ಲೆಕ್ಕಕ್ಕೆ ಬರೆದ ಕಾಯಿಲೆ

ಚರ್ಮದ ತೊಂದರೆಗಳಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಕಜ್ಜಿ, ಇಸುಬು, ಚಿಬ್ಬು, ಬಂಗು, ತೊನ್ನು, ಗಜಕರ್ಣ, ಹುಳುಕಡ್ಡಿ, ಸರ್ಪಸುತ್ತು. ಒಂದೊಂದು ಹೆಸರಿನ ಬೆನ್ನಿಗೂ ಒಂದು ಮದ್ದು, ಒಂದು ಹರಕೆ, ಒಂದು ಅನುಮಾನ ಅಂಟಿಕೊಂಡಿರುತ್ತದೆ. ಲೂಪಸ್ ಎಂಬ ಕಾಯಿಲೆಗೆ ಮಾತ್ರ ನಮ್ಮಲ್ಲಿ ಹೆಸರಿಲ್ಲ. ಹೆಸರಿಲ್ಲದ್ದರಿಂದ ಅದು ಬೇರೆಯವರ ಹೆಸರಿನಲ್ಲಿ ಬದುಕುತ್ತದೆ. ಕೆನ್ನೆಯ ಮೇಲೆ ಬಂದರೆ ಬಂಗು, ಬೆನ್ನಿನ ಮೇಲೆ ಉಂಗುರದ ಹಾಗೆ ಬಂದರೆ ಗಜಕರ್ಣ, ಕಲೆಯ ನಡುವೆ ಬಣ್ಣ ಹೋದರೆ ತೊನ್ನು, ನೆತ್ತಿಯಲ್ಲಿ ಕೂದಲು ಹೋಗಿ ಬಿಲ್ಲೆಯಷ್ಟಗಲ ಬೋಳಾದರೆ 'ಹುಳ ತಿಂದದ್ದು'. ಇಷ್ಟೂ ವೇಷಗಳಲ್ಲಿ ಅದು ನಮ್ಮ ಮನೆಗಳಲ್ಲಿ ಓಡಾಡುತ್ತಿದ್ದರೂ ನಾವು ಅದನ್ನು ನೋಡಿಲ್ಲ ಎನ್ನುತ್ತೇವೆ.

ನನ್ನ ತಕರಾರು ಹೆಸರಿನದಷ್ಟೇ ಆಗಿದ್ದರೆ ಒಂದು ಪದ ಟಂಕಿಸಿ ಸುಮ್ಮನಾಗಬಹುದಿತ್ತು. ನನ್ನ ತಕರಾರು ಇದು: ಲೂಪಸ್ ಇರುವವರ ಚರ್ಮವನ್ನು ನಾವು ರೋಗದ ಲೆಕ್ಕಕ್ಕೆ ಬರೆಯದೆ ಅಂದದ ಲೆಕ್ಕಕ್ಕೆ ಬರೆದಿದ್ದೇವೆ. ಮೆಡಿಕಲ್ ಶಾಪಿನವರು ಬರೆದಿದ್ದಾರೆ, ಹೆಣ್ಣು ನೋಡಲು ಬಂದವರು ಬರೆದಿದ್ದಾರೆ, ತೆರಿಗೆ ಹಾಕುವವರು ಬರೆದಿದ್ದಾರೆ, ಕತೆ-ಕವಿತೆ ಬರೆಯುವ ನಾವೂ ಬರೆದಿದ್ದೇವೆ. ಈ ತಪ್ಪು ಲೆಕ್ಕದ ಬೆಲೆಯನ್ನು ಮಾತ್ರ ಹೆಚ್ಚಾಗಿ ಹದಿನೈದರಿಂದ ನಲವತ್ತೈದರ ನಡುವಿನ ಹೆಂಗಸರು ತೆರುತ್ತಿದ್ದಾರೆ.

ಮೊದಲು ಕಾಯಿಲೆಯ ಮಾತು. ಲೂಪಸ್ ಅಂಟುವ ರೋಗವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವುದು ಅದರ ಸ್ವಭಾವ. ದೇಹವಿಡೀ ವ್ಯಾಪಿಸುವ ಬಗೆಯಲ್ಲಿ ಹತ್ತು ರೋಗಿಗಳಿದ್ದರೆ ಸುಮಾರು ಒಂಬತ್ತು ಮಂದಿ ಹೆಂಗಸರು. ಕೀಲು, ಮೂತ್ರಪಿಂಡ, ರಕ್ತ, ಶ್ವಾಸಕೋಶದ ಪೊರೆ, ಮಿದುಳು, ಯಾವುದನ್ನೂ ಅದು ಮುಟ್ಟಬಹುದು. ಚರ್ಮವನ್ನಂತೂ ನೂರರಲ್ಲಿ 70-80 ಮಂದಿಯಲ್ಲಿ ಒಂದಲ್ಲ ಒಂದು ಕಾಲಕ್ಕೆ ಮುಟ್ಟುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆಯ ಮೊದಲ ಸೂಚನೆ ಚರ್ಮದಲ್ಲೇ ಸಿಗುತ್ತದೆ. ಎಂದರೆ ಒಳಗೆ ಏನೋ ಕೆಟ್ಟಿದೆ ಎಂದು ದೇಹ ಹೊರಗೆ ಅಂಟಿಸುವ ಮೊದಲ ನೋಟಿಸು ಅದು. ಆ ನೋಟಿಸನ್ನು ಓದುವ ಬದಲು ಅದರ ಮೇಲೆ ಪೌಡರು ಬಳಿಯುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಚರ್ಮದ ಮೇಲೆ ಅದು ಮುಖ್ಯವಾಗಿ ಮೂರು ಬಗೆಯಲ್ಲಿ ಬರುತ್ತದೆ. ಒಂದು, ಎರಡೂ ಕೆನ್ನೆ ಮತ್ತು ಮೂಗಿನ ದಿಂಡಿನ ಮೇಲೆ ಹರಡಿ, ಮೂಗಿನ ಪಕ್ಕದಿಂದ ಬಾಯಿಯ ಕಡೆ ಇಳಿಯುವ ಗೆರೆಯನ್ನು ಮಾತ್ರ ಬಿಟ್ಟುಬಿಡುವ ದದ್ದು. ಎರಡು, ಬಿಸಿಲು ಬೀಳುವ ಎದೆ, ಬೆನ್ನು, ತೋಳುಗಳ ಮೇಲೆ ಉಂಗುರ ಉಂಗುರವಾಗಿ ಏಳುವಂಥದ್ದು. ಮೂರನೆಯದು ಬಿಲ್ಲೆಯಾಕಾರದ್ದು, ಡಿಸ್ಕಾಯ್ಡ್. ಮುಖ, ನೆತ್ತಿ, ಕಿವಿಯ ಬಟ್ಟಲಿನೊಳಗೆ ದಪ್ಪ ಹೊಪ್ಪಳೆಯಾಗಿ ಶುರುವಾಗಿ, ವಾಸಿಯಾಗುವಾಗ ಗುಳಿ ಬಿಟ್ಟು ಹೋಗುತ್ತದೆ. ನಡುವೆ ಬಣ್ಣ ಹೋಗಿ ಬೆಳ್ಳಗೆ, ಅಂಚಿನಲ್ಲಿ ಕಡುಗಪ್ಪು. ನೆತ್ತಿಯಲ್ಲಾದರೆ ಕೂದಲಿನ ಬುಡವನ್ನೇ ಸುಡುತ್ತದೆ. ಅಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಈ ಮೂರನೆಯದು ಬಹಳ ಮಂದಿಯಲ್ಲಿ ಚರ್ಮದಲ್ಲೇ ನಿಲ್ಲುತ್ತದೆ, ಕೆಲವರಲ್ಲಿ ಒಳಗೂ ಇಳಿಯುತ್ತದೆ. ಮೊದಲನೆಯದು ಬಂದಿದ್ದರೆ ಬಹುಪಾಲು ಒಳಗೂ ಕಾಯಿಲೆ ನಡೆದಿದೆ ಎಂದೇ ಅರ್ಥ.

ಇಷ್ಟು ಸ್ಪಷ್ಟವಾದ ಗುರುತುಗಳಿದ್ದರೂ ನಮ್ಮ ಕಣ್ಣಿಗೆ ಯಾಕೆ ಕಾಣುವುದಿಲ್ಲ? ನೋಡಲು ಕಲಿಸಿದ ಮಾತೇ ಬೇರೆ ಚರ್ಮದ್ದು, ಅದಕ್ಕೆ. ಲೂಪಸ್ ಎಂದರೆ ಲ್ಯಾಟಿನ್‌ನಲ್ಲಿ ತೋಳ. ಪ್ಯಾರಿಸ್ಸಿನ ಕಾಜ಼ನಾವ್ 1851ರಲ್ಲಿ ಅದಕ್ಕೆ 'ಎರಿಥಮಟೋಸಸ್' ಎಂಬ ಬಾಲ ಜೋಡಿಸಿದ. ಆ ಪದಕ್ಕೆ ಕೆಂಪಾದದ್ದು ಎಂದರ್ಥ. ಅದಕ್ಕೂ ಕೆಲವು ವರ್ಷ ಮುಂಚೆ ವಿಯೆನ್ನಾದ ಹೆಬ್ರಾ ಕೆನ್ನೆಯ ಮೇಲಿನ ಆಕಾರವನ್ನು ಚಿಟ್ಟೆಗೆ ಹೋಲಿಸಿದ್ದ. ತೋಳ, ಕೆಂಪು, ಚಿಟ್ಟೆ: ಮೂರೂ ಯುರೋಪಿನ ಬಿಳಿ ಕೆನ್ನೆಗಳನ್ನು ನೋಡಿ ಹುಟ್ಟಿದ ಮಾತುಗಳು. ಅವರು ತಾವು ಕಂಡದ್ದನ್ನು ಬರೆದರು, ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಅದನ್ನೇ ಹೊತ್ತು ತಂದು ನೂರೈವತ್ತು ವರ್ಷ ನಮ್ಮ ಕೆನ್ನೆಯ ಮೇಲೆ ಹುಡುಕಿದವರಲ್ಲಿ. ಕಂದು ಚರ್ಮದ ಮೇಲೆ ಆ ದದ್ದು ಗುಲಾಬಿ ಚಿಟ್ಟೆಯಾಗಿ ಕೂರುವುದಿಲ್ಲ. ಮಾಸಲು ನೇರಳೆ, ಬೂದಿ ಕಂದು, ಇಲ್ಲವೇ ತಳ ಹಿಡಿದ ಹಾಲಿನ ಬಣ್ಣ. 'ಮುಖ ಕೆಂಪಾಗುತ್ತದೆಯೇ?' ಎಂದು ಕೇಳಿದರೆ ಹರಿಹರದ ಹುಡುಗಿ ಇಲ್ಲ ಎನ್ನುತ್ತಾಳೆ. ಅವಳು ಹೇಳುವುದು ನಿಜವೇ. ಕೇಳಿದ ಪ್ರಶ್ನೆ ಅವಳ ಮುಖದ್ದಲ್ಲ, ಅಷ್ಟೇ.

ನನ್ನ ಮುಖದ ಮೇಲೆ ಅದು ಬಂದದ್ದು 2019ರ ಬೇಸಿಗೆಯಲ್ಲಿ, ಎಂ.ಎ. ಎರಡನೆಯ ವರ್ಷದಲ್ಲಿ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು, ಅಲ್ಲಿಂದ ಮತ್ತೊಂದು ಬಸ್ಸು. ಕಿಟಕಿಯ ಬಿಸಿಲಿಗೆ ಕೆನ್ನೆ ಉರಿಯುತ್ತಿತ್ತು, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬೆರಳಿನ ಮಾತನ್ನು ಯಾರೂ ಕೇಳಲಿಲ್ಲ. ಕೆನ್ನೆಯ ಬಗ್ಗೆ ಕೇಳದವರಿರಲಿಲ್ಲ. ಓಣಿಯ ಅಕ್ಕನೊಬ್ಬರು 'ಬಂಗು ಬಿದ್ದೈತಿ, ರಕ್ತಚಂದನ ತೇಯ್ದು ಹಚ್ಚವಾ' ಎಂದರು. ಇನ್ನೊಬ್ಬರು ಅವ್ವನನ್ನು ಪಕ್ಕಕ್ಕೆ ಕರೆದು 'ನಾಗಪ್ಪಂದು ಏನರ ಐತೇನು ಕೇಳ್ಸಿ ನೋಡ್ರಿ, ಹೆಣ್ಮಗು, ಮುಂದ ಲಗ್ನ ಆಗ್ಬೇಕು' ಎಂದರು. ಔಷಧಿ ಅಂಗಡಿಯಲ್ಲಿ ಒಂದು ಟ್ಯೂಬು ಕೊಟ್ಟು 'ಎಂಟ್ ದಿನದಾಗ ಬೆಳ್ಳಗಾಗ್ತೀಯವ್ವ' ಎಂದರು. ಒಬ್ಬ ವೈದ್ಯರು ಮೊಡವೆಯ ಮಾತ್ರೆ ಬರೆದರು, ಇನ್ನೊಬ್ಬರು ಅಲರ್ಜಿಯದ್ದು. ಎಂಟು ತಿಂಗಳ ಬಳಿಕ ಇನ್ನೂ ಓದುತ್ತಿದ್ದ ಒಬ್ಬ ಕಿರಿಯ ವೈದ್ಯೆ ನನ್ನ ಕಿವಿಯ ಬಟ್ಟಲಿನೊಳಗೆ ಟಾರ್ಚು ಹಾಕಿ ನೋಡಿದರು, ಬೆರಳುಗಳನ್ನು ಒತ್ತಿ ನೋಡಿದರು, ಒಂದು ಪುಟ್ಟ ಡಬ್ಬಿ ಕೊಟ್ಟು ಮೂತ್ರ ತರಲು ಹೇಳಿದರು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ನನ್ನ ಮುಖ ನೋಡಿ ಮೂತ್ರ ಕೇಳಿದ ಮೊದಲ ಮನುಷ್ಯರು ಅವರು.

ಇದನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ. ದಾವಣಗೆರೆ ವೈದ್ಯರಿಲ್ಲದ ಊರಲ್ಲ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ, ಎಸ್.ಎಸ್. ಹೆಸರಿನ ಇನ್ನೊಂದು ಕಾಲೇಜಿದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಸುತ್ತಲಿನ ಜಿಲ್ಲೆಗಳವರು ಕಾಯಿಲೆ ತೋರಿಸಲು ಇಲ್ಲಿಗೇ ಬರುತ್ತಾರೆ. ಇಂಥ ಊರಿನಲ್ಲಿ ಒಂದು ಕೆನ್ನೆಯಿಂದ ಒಂದು ಮೂತ್ರದ ಡಬ್ಬಿಗೆ ಎಂಟು ತಿಂಗಳ ದಾರಿ ಎಂದಾದರೆ ಕೊರತೆ ಆಸ್ಪತ್ರೆಯದಲ್ಲ, ನೋಟದ್ದು. ಲೂಪಸ್ ಇರುವ ಹತ್ತರಲ್ಲಿ ನಾಲ್ಕೈದು ಮಂದಿಗೆ ಮೂತ್ರಪಿಂಡ ಕೆಡುತ್ತದೆ, ಅದೂ ನೋವೇ ಇಲ್ಲದೆ. ಪಾದ ಊದಿಕೊಳ್ಳುವ ಹೊತ್ತಿಗೆ ಬಹಳ ತಡವಾಗಿರಬಹುದು. ಹಾಗಿರುವಾಗ ಹೆಣ್ಣೊಬ್ಬಳು 'ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಕೈ ನೋಯುತ್ತದೆ' ಎಂದಾಗ ಬೆಳ್ಳಗಾಗುವ ಮುಲಾಮು ಕೊಡುವುದು ಸಣ್ಣ ತಪ್ಪಲ್ಲ.

ಆ ಟ್ಯೂಬಿನ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಎಂಬ ಚರ್ಮವೈದ್ಯ ಮತ್ತು ಅವನ ಸಹೋದ್ಯೋಗಿ ಮೂರು ಔಷಧಿ ಬೆರೆಸಿದ ಒಂದು ಮುಲಾಮನ್ನು ಪ್ರಕಟಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್. ವೈದ್ಯರ ಕಣ್ಗಾವಲಿನಲ್ಲಿ, ಕೆಲವೇ ವಾರಗಳ ಮಟ್ಟಿಗೆ ಹಚ್ಚಬೇಕಾದ ಔಷಧಿ ಅದು. ಕಾಕತಾಳೀಯವೆಂದರೆ ಅದೇ 1975ರಲ್ಲಿ ನಮ್ಮಲ್ಲಿ 'ಫೇರ್ ಅಂಡ್ ಲವ್ಲಿ' ಮಾರುಕಟ್ಟೆಗೆ ಬಂತು. ಅದು ಬೇರೆ ವಸ್ತು, ಸ್ಟೀರಾಯ್ಡ್ ಅಲ್ಲ. ಆದರೆ ಬೆಳ್ಳಗಾಗುವುದು ಎಂಟು ದಿನದ ಕೆಲಸ ಎಂಬ ಆಸೆಯನ್ನು ಮನೆಮನೆಗೆ ಹಂಚಿದ್ದು ಆ ಬಗೆಯ ಕ್ರೀಮುಗಳ ಜಾಹೀರಾತುಗಳೇ. ಆ ಆಸೆಯ ಬೆನ್ನೇರಿ ಕ್ಲಿಗ್‌ಮನ್‌ನ ಮುಲಾಮಿನ ತಮ್ಮಂದಿರು, ಮೊಮೆಟಾಸೋನ್ ಬೆರೆಸಿದವು, ಬೆಟಾಮೆಥಾಸೋನ್ ತುಂಬಿದವು, ಚೀಟಿಯಿಲ್ಲದೆ ಕೌಂಟರಿನಿಂದ ಕೈಗೆ ದಾಟಿದವು. ಹಚ್ಚಿದ ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳಗಳು ಗೆರೆಯಾಗಿ ಕಾಣತೊಡಗಿ, ಬಿಟ್ಟರೆ ಉರಿ, ಹಚ್ಚಿದರೆ ಶಮನ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಭಾರತದ ಚರ್ಮವೈದ್ಯರು ಇದಕ್ಕೊಂದು ಹೆಸರನ್ನೇ ಇಡಬೇಕಾಯಿತು: ಸ್ಟೀರಾಯ್ಡ್‌ಗೆ ಒಗ್ಗಿಹೋದ ಮುಖ. ಅವರ ಒತ್ತಾಯದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ಬಂತು, ಕೌಂಟರು ಮಾತ್ರ ಅಲ್ಲೇ ಇದೆ.

ಲೂಪಸ್ ಇರುವವರಿಗೆ ಈ ಮುಲಾಮು ಎರಡು ಪಟ್ಟು ಮೋಸ. ಸ್ಟೀರಾಯ್ಡ್ ಲೂಪಸ್ಸಿನ ಚರ್ಮಕ್ಕೆ ನಿಜವಾದ ಔಷಧಿಯೂ ಹೌದು. ಯಾವ ಬಲದ್ದು, ಎಲ್ಲಿಗೆ, ಎಷ್ಟು ದಿನ ಎಂದು ತಿಳಿದವರು ಬರೆದುಕೊಟ್ಟರೆ. ಹಾಗಾಗಿ ಅಂಗಡಿಯ ಟ್ಯೂಬು ದದ್ದನ್ನು ನಿಜವಾಗಿಯೂ ಮಂಕು ಮಾಡುತ್ತದೆ. ಗೊತ್ತಿಲ್ಲದೆ ಕೊಟ್ಟ ಮದ್ದು ಕೆಲಸ ಮಾಡಿದಂತೆ ಕಾಣುವುದೇ ಇಲ್ಲಿಯ ಅಪಾಯ. ನೋಟಿಸು ಅಳಿಸಿಹೋಗುತ್ತದೆ, ಒಳಗಿನ ಕೇಸು ನಡೆಯುತ್ತಲೇ ಇರುತ್ತದೆ. 'ಕಲೆ ಹೋಯ್ತಲ್ಲ' ಎಂದು ಮನೆಯವರು ನಿಟ್ಟುಸಿರು ಬಿಡುವ ತಿಂಗಳುಗಳಲ್ಲೇ ಮೂತ್ರಪಿಂಡ ಸೋರುತ್ತಿರಬಹುದು. ಬೆನ್ನಿನ ಉಂಗುರಗಳನ್ನು ಗಜಕರ್ಣವೆಂದುಕೊಂಡು ಸ್ಟೀರಾಯ್ಡು, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಕಲಸಿ ಕೊಡುವುದೂ ಇದೇ ಜಾತಿಯ ವ್ಯಾಪಾರ.

ಇನ್ನು ಬಿಸಿಲು. ನಮ್ಮ ಸಂಸ್ಕೃತಿಗೆ ಸೂರ್ಯ ಚರ್ಮದ ವೈದ್ಯ. ತಂದೆಯ ಶಾಪದಿಂದ ಕುಷ್ಠ ಬಂದ ಕೃಷ್ಣನ ಮಗ ಸಾಂಬ ಸೂರ್ಯನನ್ನು ಆರಾಧಿಸಿ ಗುಣವಾದ ಎನ್ನುತ್ತದೆ ಪುರಾಣ. ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜದ ಮೇಲೆ ಎಕ್ಕದೆಲೆ ಇಟ್ಟು ಸ್ನಾನ ಮಾಡಿಸುತ್ತಾರೆ. ಈಚೆಗೆ ಇದಕ್ಕೆ ವಿಟಮಿನ್ ಡಿ ಎಂಬ ಹೊಸ ಮಂತ್ರ ಸೇರಿದೆ. ಹಾಗಾಗಿ ಚರ್ಮದ ಕಾಯಿಲೆ ಎಂದೊಡನೆ ಬರುವ ಮೊದಲ ಬುದ್ಧಿಮಾತು 'ಎಳೆ ಬಿಸಿಲು ಕಾಯಿಸು'. ಲೂಪಸ್ಸಿನಲ್ಲಿ ಈ ಮಾತು ತಲೆಕೆಳಗು. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಚರ್ಮದ ಮೇಲ್ಪದರದ ಜೀವಕೋಶಗಳು ಸಾಯುತ್ತವೆ. ಎಲ್ಲರಲ್ಲೂ ಸಾಯುತ್ತವೆ, ದೇಹ ಗುಡಿಸಿ ಹಾಕುತ್ತದೆ. ಲೂಪಸ್ಸಿನಲ್ಲಿ ಆ ಗುಡಿಸುವ ಕೆಲಸ ಸರಿಯಾಗಿ ಆಗುವುದಿಲ್ಲ. ಸತ್ತ ಕೋಶಗಳೊಳಗಿನ ಡಿಎನ್ಎ ಮುಂತಾದವು ಹೊರಗೆ ಬಂದು ಬೀಳುತ್ತವೆ, ನಿರೋಧಕ ವ್ಯವಸ್ಥೆ ಅವನ್ನು ಶತ್ರುವೆಂದು ತಿಳಿದು ದಾಳಿಗಿಳಿಯುತ್ತದೆ, ಇಂಟರ್ಫೆರಾನ್ ಎಂಬ ರಾಸಾಯನಿಕ ಊರೆಲ್ಲ ಡಂಗುರ ಸಾರುತ್ತದೆ. ಮಧ್ಯಾಹ್ನ ಚರ್ಮದಲ್ಲಿ ಹೊತ್ತಿದ್ದು ವಾರದೊಳಗೆ ಕೀಲಿಗೂ ಮೂತ್ರಪಿಂಡಕ್ಕೂ ಹಬ್ಬಬಹುದು. ಆದ್ದರಿಂದಲೇ 'ಬರೀ ಚರ್ಮ' ಎಂಬ ಮಾತು ಲೂಪಸ್ಸಿನ ಮಟ್ಟಿಗೆ ಅರ್ಥಹೀನ. ಆ ಮನೆಗೆ ಬೆಂಕಿ ಹತ್ತುವ ಒಂದು ಬಾಗಿಲು ಚರ್ಮವೇ.

ಹಾಗಾದರೆ ಬಿಸಿಲಿಗೆ ಹೋಗಬೇಡಿ ಎಂದರಾಯಿತಲ್ಲ? ವೈದ್ಯರ ಚೀಟಿಯಲ್ಲಿ ಹಾಗೇ ಬರೆದಿರುತ್ತದೆ. ಈ ಸಾಲನ್ನು ಯಾರಿಗಾಗಿ ಬರೆದದ್ದು ಎಂದು ಕೇಳಬೇಕಾಗಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೇಯಿಸಿದ ಭತ್ತವನ್ನು ಬಯಲಿನಲ್ಲಿ ಹರವಿ ಕೈಯಾಡಿಸುವವರು ಬಿಸಿಲಿಗೆ ಹೋಗದೆ ಆ ಭತ್ತ ಒಣಗುವುದಿಲ್ಲ. ಭದ್ರಾ ನಾಲೆಯ ನೀರು ಹರಿಯುವ ಹರಿಹರ, ಮಲೇಬೆನ್ನೂರಿನ ಗದ್ದೆಗಳಲ್ಲಿ ನಾಟಿ ಹಾಕುವ ಹೆಂಗಸರಿಗೆ ಮೇಲಿನಿಂದ ಬೀಳುವ ಬಿಸಿಲೂ ಒಂದು, ನೀರಿನಿಂದ ಎದ್ದು ಮುಖಕ್ಕೆ ಹೊಡೆಯುವ ಬಿಸಿಲೂ ಒಂದು. ತರಕಾರಿ ಗಾಡಿ ತಳ್ಳುವವಳು, ರಸ್ತೆ ಗುಡಿಸುವ ಪೌರಕಾರ್ಮಿಕಳು, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ, ಇವರಲ್ಲಿ ಯಾರಿಗೆ ಹನ್ನೊಂದರಿಂದ ನಾಲ್ಕರವರೆಗೆ ನೆರಳಿನ ಕೆಲಸ ಕೇಳಿ ಪಡೆಯುವ ಹಕ್ಕಿದೆ? ನೆರಳು ಇಲ್ಲಿ ಔಷಧಿ. ಆ ಔಷಧಿ ಸಂಬಳದ ಕುರ್ಚಿಯ ಜೊತೆ ಮಾತ್ರ ಸಿಗುತ್ತದೆ. ಕ್ಷೇತ್ರಕಾರ್ಯವನ್ನು ಸಂಜೆಗೆ ಬದಲಾಯಿಸಿಕೊಳ್ಳುತ್ತೇನೆ ಎಂದಾಗ ನನಗೆ 'ಸಂಶೋಧನೆ ಅಂದಮೇಲೆ ಬಿಸಿಲು-ಮಳೆ ನೋಡಬಾರದಮ್ಮ' ಎಂಬ ಉಪದೇಶ ಸಿಕ್ಕಿತು. ನಾನು ವಾದಿಸಿ ಗೆದ್ದೆ. ಭಟ್ಟಿಯಲ್ಲಿ ವಾದಿಸಿದವಳ ಪಾಳಿಗೆ ಮರುದಿನ ಬೇರೆಯವರು ಬರುತ್ತಾರೆ.

ನೆರಳಿಲ್ಲದವರಿಗೆ ಉಳಿಯುವುದು ಕೊಡೆ, ಉದ್ದ ತೋಳು, ಸನ್‌ಸ್ಕ್ರೀನ್. ಸರ್ಕಾರದ ತಪ್ಪು ಲೆಕ್ಕ ಇಲ್ಲಿ ಕಾಗದದ ಮೇಲೇ ಸಿಗುತ್ತದೆ. ನಮ್ಮ ತೆರಿಗೆ ಪಟ್ಟಿಯಲ್ಲಿ ಸನ್‌ಸ್ಕ್ರೀನ್ ಔಷಧಿಯಲ್ಲ, ಸೌಂದರ್ಯ ಸಾಧನ. ಜಿಎಸ್‌ಟಿ ಬಂದಾಗ ಅದು ಶೇ. 28ರ ಮನೆಯಲ್ಲಿತ್ತು. 2017ರ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. ಕುಂಕುಮ, ಬಿಂದಿ, ಸಿಂಧೂರಕ್ಕೆ ತೆರಿಗೆಯೇ ಇಲ್ಲ. ಇರಬೇಕು ಎಂದೂ ನಾನು ಹೇಳುತ್ತಿಲ್ಲ. ಹೆಣ್ಣಿನ ಹಣೆಯ ಗುರುತು ಅಗತ್ಯವಸ್ತು ಎಂದು ಒಪ್ಪಿದ ಸರ್ಕಾರಕ್ಕೆ ಅವಳ ಕೆನ್ನೆಯನ್ನು ಸುಡದಂತೆ ಕಾಯುವುದು ಶೋಕಿಯಾಗಿ ಕಂಡಿತಲ್ಲ, ಅದು ನನ್ನ ಪ್ರಶ್ನೆ. ಎರಡು ಮೂರು ಗಂಟೆಗೊಮ್ಮೆ ಸರಿಯಾಗಿ ಹಚ್ಚಿದರೆ 50 ಗ್ರಾಮಿನ ಟ್ಯೂಬು ತಿಂಗಳು ತುಂಬುವುದಿಲ್ಲ. ಅದು ನೂರಾರು ರೂಪಾಯಿಯ ಬಾಬ್ತು, ವರ್ಷದ ಹನ್ನೆರಡೂ ತಿಂಗಳು, ಬದುಕಿರುವವರೆಗೆ. ಆಸ್ಪತ್ರೆಗೆ ದಾಖಲಾದವರ ಖರ್ಚು ನೋಡಿಕೊಳ್ಳುವ ಆರೋಗ್ಯ ಯೋಜನೆಗಳಿಗೆ ಇದು ಕಾಣುವುದಿಲ್ಲ. ಮೂತ್ರಪಿಂಡ ಕೆಟ್ಟು ಹಾಸಿಗೆ ಹಿಡಿದರೆ ಕಾರ್ಡು ಕೆಲಸ ಮಾಡುತ್ತದೆ. ಕೆಡದಂತೆ ನೋಡಿಕೊಳ್ಳುವ ಖರ್ಚೆಲ್ಲ ಸ್ವಂತದ್ದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಆಸಿಡ್ ದಾಳಿಗೆ ತುತ್ತಾದವರು ಆ ಪಟ್ಟಿಯಲ್ಲಿದ್ದಾರೆ, ಕುಷ್ಠದಿಂದ ಗುಣವಾದವರಿದ್ದಾರೆ. ಇರಲೇಬೇಕು. ಚರ್ಮದ ಮೇಲಿನ ಗಾಯವೂ ಮನುಷ್ಯನನ್ನು ಕೆಲಸದಿಂದ, ಮದುವೆಯಿಂದ, ಬಸ್ಸಿನ ಪಕ್ಕದ ಸೀಟಿನಿಂದ ಹೊರಗಿಡುತ್ತದೆ ಎಂದು ಕಾನೂನು ಅಷ್ಟರ ಮಟ್ಟಿಗೆ ಒಪ್ಪಿಕೊಂಡಿದೆ. ಡಿಸ್ಕಾಯ್ಡ್ ಲೂಪಸ್ಸಿನಿಂದ ಮುಖ, ನೆತ್ತಿ ಕಳೆದುಕೊಂಡವರು ಆ ಪಟ್ಟಿಯಲ್ಲಿ ಹೆಸರಿಲ್ಲದವರು. ಕಾನೂನಿಗೂ ಚರ್ಮಕ್ಕೂ ಹಳೆಯ ಹಗೆ ಇದೆ ಎಂಬುದನ್ನೂ ನೆನೆಯಬೇಕು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕುಷ್ಠವು ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಔಷಧಿ ಬಂದು, ಗುಣವಾಗುವ ಕಾಯಿಲೆಯೆಂದು ಖಾತ್ರಿಯಾಗಿ ದಶಕಗಳು ಕಳೆದ ಮೇಲೆ, 2019ರಲ್ಲಿ ಆ ಸಾಲನ್ನು ತೆಗೆದರು. ಮದುವೆ ಮಾತುಕತೆಯಲ್ಲಿ 'ಚರ್ಮದ್ದು ಏನಾದ್ರೂ ಇದೆಯಾ?' ಎಂದು ಕೇಳುವವರ ಮನಸ್ಸಿನಿಂದ ಇನ್ನೂ ತೆಗೆದಿಲ್ಲ. ಮಗಳ ಚೀಟಿಗಳನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುವ ತಾಯಂದಿರನ್ನು ಬೈಯುವ ಮೊದಲು ಈ ಪ್ರಶ್ನೆ ಕೇಳುವವರನ್ನು ಬೈಯೋಣ.

ಸರ್ಕಾರಕ್ಕೆ ಈ ರೋಗಿಗಳು ಎಷ್ಟು ಅದೃಶ್ಯರು ಎಂಬುದು 2020ರ ಮಾರ್ಚಿನಲ್ಲಿ ಗೊತ್ತಾಯಿತು. ಮಲೇರಿಯಾಕ್ಕೆಂದು ಹುಟ್ಟಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಲೂಪಸ್ಸಿನ ಬೆನ್ನೆಲುಬು. ದದ್ದು ತಗ್ಗಿಸುತ್ತದೆ, ಕಾಯಿಲೆ ಮರುಕಳಿಸದಂತೆ ತಡೆಯುತ್ತದೆ. ಕಣ್ಣಿನ ಪರೀಕ್ಷೆ ಮಾಡಿಸುತ್ತ ವರ್ಷಗಟ್ಟಲೆ ನುಂಗಬೇಕು. ಕೋವಿಡ್ ತಡೆಯಲು ಆರೋಗ್ಯ ಸಿಬ್ಬಂದಿ ಇದನ್ನು ತೆಗೆದುಕೊಳ್ಳಬಹುದು ಎಂದು ಐಸಿಎಂಆರ್ ಮಾರ್ಚ್ 23ರಂದು ಸೂಚಿಸಿತು. ಅಮೆರಿಕದ ಅಧ್ಯಕ್ಷರು ಅದನ್ನು ಹೊಗಳಿ ಮಾತಾಡಿದ್ದರು. ಬೇಕಿದ್ದವರು, ಬೇಡದಿದ್ದವರು ಎಲ್ಲರೂ ಕೊಂಡು ಮನೆಯಲ್ಲಿಟ್ಟರು. ಮಾರ್ಚ್ 26ರ ಹೊತ್ತಿಗೆ ಮಾರಾಟಕ್ಕೆ ಬಿಗಿ ನಿಯಮ ಬಂತು, ಅಷ್ಟರಲ್ಲಿ ಅಂಗಡಿಗಳು ಖಾಲಿ. ಜಗತ್ತಿನಲ್ಲೇ ಅತಿ ಹೆಚ್ಚು ಈ ಮಾತ್ರೆ ತಯಾರಿಸುವ ದೇಶದಲ್ಲಿ ನನ್ನ ಅಪ್ಪ ಲಾಕ್‌ಡೌನಿನ ನಡುವೆ ಹರಿಹರದ ಅಂಗಡಿಗಳನ್ನೆಲ್ಲ ಸುತ್ತಿ ಹತ್ತು ಮಾತ್ರೆ ತಂದರು. ಜೂನಿನ ಹೊತ್ತಿಗೆ ದೊಡ್ಡ ಪ್ರಯೋಗಗಳು ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಅದರಿಂದ ಉಪಯೋಗವಿಲ್ಲ ಎಂದು ತೋರಿಸಿದವು. ಆ ಮೂರು ತಿಂಗಳಲ್ಲಿ ದೇಶದ ತುಂಬ ಚರ್ಚೆ ನಡೆದದ್ದು ಮಾತ್ರೆಯ ಬಗ್ಗೆ. ಅದನ್ನು ದಿನವೂ ನುಂಗಿ ಬದುಕುವವರು ಆ ಚರ್ಚೆಯಲ್ಲಿ ಎಷ್ಟು ಸಲ ಬಂದರು?

ಅದೃಶ್ಯರಾಗಿರುವುದಕ್ಕೆ ಲೆಕ್ಕವೂ ಒಂದು ಕಾರಣ. 1993ರಲ್ಲಿ ದೆಹಲಿ ಸಮೀಪದ ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು ಲಕ್ಷಕ್ಕೆ ಸುಮಾರು 3 ಮಂದಿಗೆ ಲೂಪಸ್ ಇದೆ ಎಂದಿತು. ಅಮೆರಿಕದ ನೋಂದಣಿ ಪುಸ್ತಕಗಳಿಂದ ತೆಗೆದ ಅಂದಾಜು ಲಕ್ಷಕ್ಕೆ 70ಕ್ಕಿಂತ ಹೆಚ್ಚು. ವಂಶವಾಹಿ, ಪರಿಸರ, ಅಧ್ಯಯನದ ವಿಧಾನ ಎಲ್ಲದರ ಪಾಲೂ ಈ ವ್ಯತ್ಯಾಸದಲ್ಲಿರಬಹುದು. ಆದರೆ ಬಂಗು, ತೊನ್ನು, ಗಜಕರ್ಣಗಳ ಹೆಸರಿನಲ್ಲಿ ಬರೆಸಿಕೊಂಡವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ ಎನ್ನಲು ಸಂಖ್ಯಾಶಾಸ್ತ್ರ ಬೇಕಿಲ್ಲ.

ಇನ್ನು ನಮ್ಮ ಸರದಿ, ಸಾಹಿತ್ಯದವರದು. ಚರ್ಮದ ಕಾಯಿಲೆಯನ್ನು ಕಾಯಿಲೆಯಾಗಿ ಬರೆದದ್ದಕ್ಕಿಂತ ಶಾಪವಾಗಿ, ಕರ್ಮಫಲವಾಗಿ, ಖಳನ ಕೊನೆಯಾಗಿ ಬರೆದದ್ದೇ ನಮ್ಮಲ್ಲಿ ಹೆಚ್ಚು. ಹರಿಕಥೆಯಿಂದ ಸಿನಿಮಾದವರೆಗೆ ಒಳಗಿನ ಪಾಪ ಹೊರಗೆ ಹುಣ್ಣಾಗಿ ಒಡೆಯುತ್ತದೆ. ಹೊಸ ತಲೆಮಾರಿನ ನಾವು ಇದನ್ನು ಬಿಟ್ಟಿದ್ದೇವೆ ಎಂದುಕೊಂಡು ಇನ್ನೊಂದು ತುದಿಗೆ ಹೋಗಿದ್ದೇವೆ: ಕಾಯಿಲೆಯನ್ನು ಚೆಲುವಾಗಿಸುವುದು. ಕೆನ್ನೆಯ ಮೇಲೆ ಕೂತ ಚಿಟ್ಟೆ, ತನ್ನನ್ನೇ ತಾನು ತಿನ್ನುವ ದೇಹ, ಕನ್ನಡಿಯೊಳಗಿನ ಯುದ್ಧ. ನಾನು ಹರಿಹರದವಳೆಂದು ಗೆಳೆಯನೊಬ್ಬ 'ಒಂದೇ ದೇಹದಲ್ಲಿ ಎರಡು ದೇವರು ಜಗಳವಾಡಿದಂತೆ' ಎಂಬ ರೂಪಕವನ್ನು ಉಡುಗೊರೆ ಕೊಟ್ಟ. ನಮ್ಮೂರಿನ ಹರಿಹರೇಶ್ವರನಲ್ಲಿ ಆ ಇಬ್ಬರು ಜಗಳವಾಡುತ್ತಿಲ್ಲ, ಮೊದಲನೆಯದಾಗಿ. ಎರಡನೆಯದಾಗಿ, ರೂಪಕಗಳಿಗೆ ಮೂತ್ರಪಿಂಡ ಇರುವುದಿಲ್ಲ.

ಇಂಗ್ಲಿಷ್ ವಿಭಾಗಗಳಲ್ಲಿ ಫ್ಲ್ಯಾನರಿ ಓಕಾನರ್‌ಳ ಕತೆಗಳನ್ನು ಓದಿಸುತ್ತಾರೆ. ಅವಳ ತಂದೆ ಲೂಪಸ್ಸಿನಿಂದ 1941ರಲ್ಲಿ ತೀರಿಕೊಂಡರು. ಅವಳಿಗೆ ಅದೇ ಕಾಯಿಲೆ ಬಂದಾಗ ತಾಯಿ ಸಂಧಿವಾತವೆಂದು ಹೇಳಿ ಮುಚ್ಚಿಟ್ಟರು. 1952ರಲ್ಲಿ ಗೆಳತಿಯೊಬ್ಬಳು ಬಾಯಿಬಿಟ್ಟ ಮೇಲೆಯೇ ಅವಳಿಗೆ ನಿಜ ತಿಳಿದದ್ದು. ಊರುಗೋಲಿನ ಮೇಲೆ ನಡೆಯುತ್ತ, ಔಷಧಿಯಿಂದ ಊದಿದ ಮುಖ ಹೊತ್ತು ಬರೆದಳು, 1964ರಲ್ಲಿ 39ನೆಯ ವಯಸ್ಸಿಗೆ ಸತ್ತಳು. ನೋವೇ ಅವಳನ್ನು ದೊಡ್ಡ ಲೇಖಕಿಯಾಗಿಸಿತು ಎಂಬ ಸೆಮಿನಾರಿನ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನೋವಿಲ್ಲದಿದ್ದರೆ ಅವಳು ಇನ್ನೂ ಮೂವತ್ತು ವರ್ಷ ಬರೆಯುತ್ತಿದ್ದಳು ಎಂದು ಯಾರೂ ಯಾಕೆ ಹೇಳುವುದಿಲ್ಲ? ಬ್ರಿಟನ್ನಿನ ಹಾಡುಗಾರ ಸೀಲ್‌ನ ಕೆನ್ನೆಯ ಮೇಲಿನ ಗುಳಿಗಳು ಎಳೆಯ ವಯಸ್ಸಿನ ಡಿಸ್ಕಾಯ್ಡ್ ಲೂಪಸ್ಸಿನವು. ಜನ ಅದಕ್ಕೆ ಬುಡಕಟ್ಟಿನ ಗುರುತು, ಕತ್ತಿಯ ಗಾಯ ಎಂದೆಲ್ಲ ಕತೆ ಕಟ್ಟಿದರು. ಕಪ್ಪು ಮುಖದ ಮೇಲಿನ ಕಲೆಗೆ ಕತೆ ಸಿಗುತ್ತದೆ, ರೋಗನಿದಾನ ಮಾತ್ರ ಸಿಗುವುದಿಲ್ಲ.

ನನಗೆ ಎದುರಾಗುವ ವಾದವೊಂದಿದೆ, ಅದರಲ್ಲಿ ಸತ್ಯವೂ ಇದೆ. ಪ್ರಾಣಕ್ಕೆ ಕುತ್ತು ತರುವುದು ಮೂತ್ರಪಿಂಡ, ಮಿದುಳು. ಚರ್ಮದಿಂದ ಯಾರೂ ಸಾಯುವುದಿಲ್ಲ. ವೈದ್ಯರ ಸಮಯ ಮೊದಲು ಅಲ್ಲಿಗೆ ಹೋಗಬೇಕು ಎನ್ನುತ್ತಾರೆ. ಸರಿ. ಆದರೆ ಮೂತ್ರಪಿಂಡದ ಸುದ್ದಿಯನ್ನು ಬೇಗ ತಂದುಕೊಡುವುದು ಬಹಳ ಸಲ ಈ ಚರ್ಮವೇ. ಮತ್ತೆ, ಸಾಯದಿರುವುದೊಂದೇ ಬದುಕಿನ ಅಳತೆಯೂ ಅಲ್ಲ. ನೆತ್ತಿಯ ಕೂದಲು ಹೋದ ಮೇಲೆ ಕಾಲೇಜು ಬಿಟ್ಟವಳ ರಕ್ತಪರೀಕ್ಷೆ ಚೆನ್ನಾಗಿ ಬಂದರೆ ಅವಳು ಗುಣವಾದಳು ಎಂದು ಬರೆದುಕೊಳ್ಳುವ ಪುಸ್ತಕ ಅರ್ಧವಷ್ಟೇ ಓದುತ್ತಿದೆ. ಇಲ್ಲಿಯೂ ಅದೇ ಗೊಂದಲ: ಅಂದದ ಮಾತೆಂದರೆ ಹಗುರ ಎಂದುಕೊಂಡಿದ್ದೇವೆ. ಹೆಣ್ಣಿನ ಬದುಕನ್ನೇ ಅವಳ ಮುಖಕ್ಕೆ ಕಟ್ಟಿಹಾಕಿದ ಸಮಾಜ, ಆ ಮುಖ ಕೆಟ್ಟಾಗ 'ಅದೇನು ಮಹಾ' ಎನ್ನುವ ಹಾಗಿಲ್ಲ.

ಹಾಗಾಗಿ ಕೆಲವು ಬೇಡಿಕೆಗಳು. ಕೆನ್ನೆಯ ದದ್ದು, ಬಿಸಿಲಿಗೆ ಉರಿ, ಬೆಳಗಿನ ಹೊತ್ತು ಕೀಲು ಬಿಗಿತ, ಬಾಯಲ್ಲಿ ಹುಣ್ಣು, ಕಾರಣವಿಲ್ಲದ ಜ್ವರ, ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ ಮುಲಾಮಿಗೆ ಮುಂಚೆ ಮೂತ್ರ ಮತ್ತು ರಕ್ತದ ಪರೀಕ್ಷೆ ಆಗಲಿ. ಎಎನ್ಎ ಎಂಬ ರಕ್ತಪರೀಕ್ಷೆಯೊಂದರಿಂದಲೇ ಲೂಪಸ್ ಎಂದು ತೀರ್ಮಾನಿಸಲಾಗದು, ಆದರೆ ದಾರಿ ಅಲ್ಲಿಂದ ಶುರು. ನಮ್ಮ ವೈದ್ಯಕೀಯ ಕಾಲೇಜುಗಳು ನಮ್ಮ ಬಣ್ಣದ ಚರ್ಮದ ಮೇಲಿನ ಲೂಪಸ್ಸಿನ ಚಿತ್ರಗಳನ್ನು ರೋಗಿಗಳ ಒಪ್ಪಿಗೆ ಪಡೆದು ತೆಗೆದು, ಆಶಾ ಕಾರ್ಯಕರ್ತೆಯರಿಗೂ ತೋರಿಸಲಿ. 2018ರ ನಿಯಮವನ್ನು ಔಷಧಿ ನಿಯಂತ್ರಣ ಇಲಾಖೆ ಕೌಂಟರಿನ ಮುಂದೆ ನಿಂತು ಜಾರಿ ಮಾಡಲಿ. ವೈದ್ಯರ ಚೀಟಿ ಇರುವವರಿಗೆ ಸನ್‌ಸ್ಕ್ರೀನ್ ಔಷಧಿಯ ದರದಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗಲಿ. ಬಿಸಿಲಿನಲ್ಲಿ ದುಡಿಯುವ ರೋಗಿಗೆ ಕೆಲಸದ ಹೊತ್ತು ಬದಲಿಸಿಕೊಳ್ಳುವ ಹಕ್ಕು ಬರವಣಿಗೆಯಲ್ಲಿ ಬರಲಿ.

ಓದುಗರಾದ ನಿಮ್ಮಲ್ಲಿ ಕೇಳುವುದು ಇವೆಲ್ಲಕ್ಕಿಂತ ಸಣ್ಣದು. ನಿಮ್ಮ ಹಾಸ್ಟೆಲಿನಲ್ಲಿ, ತರಗತಿಯಲ್ಲಿ, ಮನೆಯಲ್ಲಿ ಯಾರದಾದರೂ ಕೆನ್ನೆಯ ಬಣ್ಣ ಬದಲಾದದ್ದು ಕಂಡರೆ ಯಾವ ಕ್ರೀಮು ಎಂದು ಕೇಳಬೇಡಿ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತದೆಯೇ ಎಂದು ಕೇಳಿ.